ಯಾರೂ ಹಾಕದ ನಾಣ್ಯ

ಹಾಗಾದರೆ ತಾನೇ ನಾಣ್ಯ ಹಾಕಿ ಮರೆತಿರಬಹುದೇ? ಇಲ್ಲ, ಸಾಧ್ಯವಿಲ್ಲ. ನಿನ್ನೆ ಆಟ ಮುಗಿದ ಮೇಲೆ ವಿಡಿಯೋ ಗೇಮ್ ಪೆಟ್ಟಿಗೆಯ ಕಾಸಿನ ಡಬ್ಬಿಯನ್ನು ಹೊರಗೆಳೆದು, ಬೋರಲು ಹಾಕಿ, ತಳ ತಟ್ಟಿ ಖಾಲಿ ಮಾಡಿದವನು ತಾನೇ. ಪರದೆಯ ಕೆಳಮೂಲೆಯಲ್ಲಿ ಸೊನ್ನೆ ಇದ್ದದ್ದನ್ನು ನೋಡಿಯೇ ಪರದೆ ಆರಿಸಿದ್ದ. ಈಗ ಅಲ್ಲಿ ಐದು ಇದೆ. ಐದು ಆಟಕ್ಕೆ ಕಾಸು ಬಿದ್ದಿದೆ ಎಂದು ಪರದೆ ಹೇಳುತ್ತಿದೆ. ಡಬ್ಬಿಯೊಳಗೆ ಕೈಯಾಡಿಸಿದರೆ ತಗಡು ಮಾತ್ರ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿರಬೇಕು. ಇಲ್ಲವೇ ಮನೆಯಲ್ಲಿ ಬೇರೆ ಯಾರೋ ಹೇಳುತ್ತಿರಬೇಕು.

"ಏನ್ರಿ, ಬಂದ ಕೂಡ್ಲೆ ಆ ಪೆಟ್ಟಿಗಿ ಮುಂದ ನಿಂತ್ರಿ? ಕೈಕಾಲ್ ತೊಳಕೊಳ್ಳೋದು ಬ್ಯಾಡೇನು?" ಅಡುಗೆಮನೆಯಿಂದ ಅರ್ಚನಾ ಕೂಗಿದಳು.

ಭೀಮೇಶ್ ಹಿಂತಿರುಗಿ ನೋಡದೆ ಕೇಳಿದ. "ಇವತ್ತು ಮನಿಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ರಿ. ಯಾಕ?"

"ಸುಮ್ಮನ ಕೇಳಿದೆ."

ಉತ್ತರ ಬೇಗ ಬಂತು ಅನ್ನಿಸಿತು. ಕೈ ತೊಳೆಯಲು ಹೋದಾಗ ಕಟ್ಟೆಯ ಮೇಲೆ ಬೋರಲು ಹಾಕಿದ ಟೀ ಲೋಟಗಳು ಕಂಡವು. ಎರಡು. ಮಧ್ಯಾಹ್ನ ಅವಳೊಬ್ಬಳೇ ಎರಡು ಲೋಟದಲ್ಲಿ ಟೀ ಕುಡಿಯುತ್ತಾಳೆಯೇ? ಅವನು ಕೇಳಲಿಲ್ಲ. ಕೇಳಿದರೆ ಅದಕ್ಕೂ ಒಂದು ಉತ್ತರ ಬರುತ್ತಿತ್ತು, ಆಮೇಲೆ ಆ ಉತ್ತರವನ್ನೂ ಅನುಮಾನಿಸಬೇಕಾಗುತ್ತಿತ್ತು.

ಭೀಮೇಶ್ ರಾಯದುರ್ಗದ ಹೊರಗಿನ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಮೆಕ್ಯಾನಿಕ್. ದಿನವಿಡೀ ಹೊಲಿಗೆ ಯಂತ್ರಗಳ ಹೊಟ್ಟೆ ಬಗೆದು ಎಣ್ಣೆ ಬಿಟ್ಟು, ಸಂಜೆ ರೆಪ್ಪೆಯವರೆಗೂ ನೀಲಿ ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಚಿಕ್ಕಂದಿನಲ್ಲಿ ಅಪ್ಪ ಕೂಲಿಗೆಂದು ಬಳ್ಳಾರಿಗೆ ಹೋಗುವಾಗ ಇವನೂ ಬೆನ್ನು ಹತ್ತುತ್ತಿದ್ದ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಪ್ಪ ಕೊಟ್ಟ ಒಂದು ನಾಣ್ಯವನ್ನು ಬೆವರುವ ಅಂಗೈಯಲ್ಲಿ ಹಿಡಿದು, ಹಾಕಲೋ ಬೇಡವೋ ಎಂದು ಆ ಪೆಟ್ಟಿಗೆಗಳ ಮುಂದೆ ನಿಂತ ನೆನಪು ಅವನನ್ನು ಬಿಟ್ಟಿರಲಿಲ್ಲ. ಅದಕ್ಕೇ ಈಗ ಪ್ಲೈವುಡ್ ತಂದು, ಹಳೇ ಕಂಪ್ಯೂಟರು, ಹಳೇ ಟೀವಿ ಸೇರಿಸಿ, ಅಂಥದ್ದೇ ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲಿ ಕಟ್ಟಿ ನಿಲ್ಲಿಸಿದ್ದ. "ದೇವರ ಗೂಡಿಗಿಂತ ಎತ್ತರ ಮಾಡೀರಲ್ರಿ, ಮಂಗಳಾರತಿ ಇದಕ್ಕ ಎತ್ತಲೇನು?" ಎಂದು ಅರ್ಚನಾ ನಕ್ಕಿದ್ದಳು.

ಪೆಟ್ಟಿಗೆ ತಯಾರಾಯಿತು, ಆಟ ಮಾತ್ರ ರುಚಿಸಲಿಲ್ಲ. ಸೋತರೆ ಒಂದು ಗುಂಡಿ ಒತ್ತಿದರಾಯಿತು, ಮತ್ತೆ ಶುರು. ಆ ಅಂಗೈಯ ಬೆವರು ಇರಲಿಲ್ಲ. ನಾಣ್ಯ ಹಾಕಿದರೇ ಆಟ ಶುರುವಾಗಬೇಕು ಎಂದು ಅವನಿಗೆ ಹಟ ಬಂತು.

ಆ ವಿದ್ಯೆ ಗೊತ್ತಿದ್ದವನು ಗೋವರ್ಧನ್. ಅರ್ಚನಾಳ ತಂಗಿ ನಾಗಮಣಿಯ ಗಂಡ, ಅಂದರೆ ಭೀಮೇಶನ ಷಡ್ಡಕ. ಮಡಕಶಿರಾದವನು. ಹುಡುಗನಾಗಿದ್ದಾಗ ಹಿಂದೂಪುರದ ಗೇಮ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಈಗ ರಾಯದುರ್ಗದಿಂದ ಸಗಟಿಗೆ ಪ್ಯಾಂಟು ಒಯ್ದು ಮಡಕಶಿರಾದ ಸಂತೆಯಲ್ಲಿ ಮಾರುತ್ತಾನೆ. ಸರಕಿಗೆ ಬಂದಾಗ ಒಂದು ಪೊಟ್ಟಣವನ್ನೂ ತಂದಿದ್ದ. ನಾಣ್ಯ ಹಾಕುವ ಸೀಳು, ಬೇಡದ ನಾಣ್ಯ ವಾಪಸ್ಸು ಉಗುಳುವ ಬಾಯಿ, ಹಿಂದೆ ನಾಲ್ಕು ಬಣ್ಣದ ವಯರು.

"ಇದಕ್ಕೆ ನಾವು ಮೂತಿ ಅಂತಿದ್ವಿ ಕಣಣ್ಣ," ಎಂದು ಗೋವರ್ಧನ್ ಅದನ್ನು ಪೆಟ್ಟಿಗೆಯ ಬಾಗಿಲಿಗೆ ಕೂರಿಸಿ ಸ್ಕ್ರೂ ಬಿಗಿದ. "ಹುಟ್ಟಿದ್ ಮಗೀಗೆ ಎಂಗೋ ಅಂಗೆ. ಯಾವ್ ನಾಣ್ಯ ತಿನ್ಬೇಕು ಅಂತ ನಾವೇ ಬಾಯಿಗಿಟ್ಟು ಕಲಿಸ್ಬೇಕು."

ಹಳದಿ ಐದು ರೂಪಾಯಿ ನಾಣ್ಯಗಳನ್ನೇ ಆರಿಸಿ, ಒಂದರ ಹಿಂದೆ ಒಂದು ಬಿಟ್ಟು ಯಂತ್ರಕ್ಕೆ ಗುರುತು ಹಿಡಿಸಿದರು. ಆಮೇಲೆ ಒಂದು ರೂಪಾಯಿ ಹಾಕಿದರೆ ಉಗುಳಿತು. ಎರಡು ರೂಪಾಯಿಯನ್ನೂ ಉಗುಳಿತು. ಹಳದಿ ಐದು ಬಿದ್ದದ್ದೇ ಟಿಣ್ ಎಂದು ಪರದೆಯ ಮೇಲೆ ಒಂದು ಮೂಡಿತು. ಭೀಮೇಶನಿಗೆ ಮೈ ಜುಮ್ಮೆಂದಿತು.

"ಹಿಂದೂಪುರದಾಗೆ ಒಬ್ಬ ಇದ್ದ," ಗೋವರ್ಧನ್ ಟೀ ಹೀರುತ್ತ ಕತೆ ತೆಗೆದ. "ನಾಣ್ಯಕ್ಕೆ ತೂತು ಹಾಕಿ ನೈಲಾನ್ ದಾರ ಕಟ್ಬುಟ್ಟು ಒಳಕ್ಕೆ ಬುಡೋನು. ಟಿಣ್ ಅಂದೇಟ್ಗೆ ಎಳ್ಕೊಳೋನು. ಡಬ್ಬೀಲಿ ಕಾಸಿಲ್ಲ, ಆಟ ಮಾತ್ರ ನಡೀತೈತೆ. ಓನರ್ರು ದೆವ್ವ ಹೊಕ್ಕೈತೆ ಅಂತ ಮಿಷನ್‌ಗೆ ನಿಂಬೆಹಣ್ಣು ಕಟ್ಸಿದ್ದ!"

"ಯಾರವ?" ಎಂದು ಭೀಮೇಶ್ ಕೇಳಿದ.

"ಯಾರಾದ್ರೇನು ಬುಡಣ್ಣ, ಈಗ ಸಂಸಾರಸ್ಥ ಆಗವ್ನೆ," ಎಂದು ಗೋವರ್ಧನ್ ಕಣ್ಣು ಮಿಟುಕಿಸಿದ. ಅರ್ಚನಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆವತ್ತು ಭೀಮೇಶನೂ ನಕ್ಕಿದ್ದ.

ಗೋವರ್ಧನ್ ಊರಿಗೆ ಹೋದ ಮೇಲೆ ಈ ಕಾಟ ಶುರುವಾಯಿತು. ಹಳೇ ಕಂಪ್ಯೂಟರನ್ನು ಒಮ್ಮೆ ಆರಿಸಿದರೆ ಮತ್ತೆ ಏಳುವ ಭರವಸೆ ಇಲ್ಲವೆಂದು ಭೀಮೇಶ್ ಪರದೆಯನ್ನಷ್ಟೇ ಆರಿಸಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಬಂದು ಪರದೆ ಹಚ್ಚಿದರೆ ಯಾರೂ ಹಾಕದ ನಾಣ್ಯಗಳ ಲೆಕ್ಕ ಅಲ್ಲಿ ಕಾದಿರುತ್ತಿತ್ತು.

ಮೊದಲು ಯಂತ್ರವನ್ನೇ ಅನುಮಾನಿಸಿದ. ನಾಣ್ಯ ಜಾರುವ ದಾರಿಯನ್ನು ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿದ. ವಯರಿನ ತುದಿಗಳನ್ನು ಕತ್ತರಿಸಿ ಹೊಸದಾಗಿ ಒತ್ತಿದ. ಮೂತಿಯ ಹಿಂದಿನ ಪುಟ್ಟ ಸ್ವಿಚ್ಚನ್ನು ಆ ಕಡೆಗೆ ತಳ್ಳಿ ನೋಡಿದ, ಅಂಕಿ ನಿಲ್ಲದೆ ಓಡತೊಡಗಿತು. ಹೆದರಿ ಈ ಕಡೆಗೇ ತಂದ. ಒಂದು ಭಾನುವಾರ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತ. ಸೊನ್ನೆ ಸೊನ್ನೆಯಾಗಿಯೇ ಇತ್ತು. ಅವನು ಮನೆಯಲ್ಲಿದ್ದಾಗ ಯಂತ್ರ ಒಂದೇ ಒಂದು ಸುಳ್ಳನ್ನೂ ಹೇಳುತ್ತಿರಲಿಲ್ಲ. ಅವನು ಹೊಸ್ತಿಲು ದಾಟಿದ ಮೇಲೆ ಮಾತ್ರ ಅದರ ಬುದ್ಧಿ ಕೆಡುತ್ತಿತ್ತು. ಯಂತ್ರಕ್ಕೆ ತಾನು ಇರುವುದು, ಇಲ್ಲದಿರುವುದು ಗೊತ್ತಾಗುತ್ತದೆಯೇ? ಮನುಷ್ಯರಿಗೆ ಗೊತ್ತಾಗುತ್ತದೆ.

ಅಲ್ಲಿಂದ ಅನುಮಾನ ಯಂತ್ರವನ್ನು ಬಿಟ್ಟು ಮನುಷ್ಯರ ಕಡೆ ಹೊರಳಿತು.

ವಯರಿನ ತುಂಡು ಹುಡುಕುತ್ತ ಹಿತ್ತಲ ಕೋಣೆಗೆ ಹೋದ. ಅಲ್ಲಿ ಅರ್ಚನಾಳ ಪವರ್ ಮಿಷನ್ ಹಳೇ ಸೀರೆಯನ್ನು ಹೊದ್ದು ಕೂತಿತ್ತು. ಮದುವೆಯಾದಾಗಿನಿಂದ ಅವಳು ಅದರ ಮೇಲೆ ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಿದ್ದಳು. ಹೋದ ವರ್ಷ ಸೂಜಿ ಅವಳ ತೋರುಬೆರಳಿನ ಉಗುರನ್ನು ಸೀಳಿ ಒಳಗೇ ಮುರಿಯಿತು. ಘಟಕದ ಹೆಣ್ಣುಮಕ್ಕಳ ಬೆರಳಿನಿಂದ ಇಕ್ಕಳ ಹಿಡಿದು ಸೂಜಿ ಕಿತ್ತವನು ಭೀಮೇಶ್. ಹೆಂಡತಿಯ ಬೆರಳು ನೋಡಿ ಮಾತ್ರ ಅವನಿಗೆ ಕಣ್ಣು ಕತ್ತಲೆಗಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲೆಯೇ ಅವಳ ಇನ್ನೊಂದು ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು, "ಇನ್ನ ಆ ಮಿಷನ್ ಮುಟ್ಟಂಗಿಲ್ಲ ಅಂತ ನನ್ನ ಮ್ಯಾಲ ಆಣಿ ಮಾಡು," ಎಂದಿದ್ದ. ಗಂಡನ ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಕೇಡು ಗಂಡನಿಗೇ ತಟ್ಟುತ್ತದೆ. ಅವಳು ಕಣ್ಣು ಮುಚ್ಚಿ ಹೂಂ ಅಂದಿದ್ದಳು. ಅಂದಿನಿಂದ ಆ ಮೋಟರು ತಿರುಗಿದ್ದನ್ನು ಅವನು ಕೇಳಿರಲಿಲ್ಲ. ಸೀರೆಯ ಮಡಿಕೆ ಸರಿಮಾಡಿ ಭೀಮೇಶ್ ಹೊರಗೆ ಬಂದ.

ಮರುದಿನ ಘಟಕದಲ್ಲಿ ಬಟ್ಟೆ ಕತ್ತರಿಸುವ ಯರ್ರಿಸ್ವಾಮಿ ಊಟದ ಡಬ್ಬಿ ಬಿಚ್ಚುತ್ತ ಕೇಳಿದ. "ಏನಪಾ ಭೀಮೇಶ, ಗುರುವಾರ ನಿನ್ನ ಷಡ್ಡಕನ್ನ ಬಸ್ ಸ್ಟ್ಯಾಂಡಿನ್ಯಾಗ ನೋಡಿದ್ನೆಪ್ಪ. ಮನ್ಯಾಗ ಕೋಳಿ ಗೀಳಿ ಕೊಯ್ದಿದ್ರೇನು? ನಮ್ಮನ್ನ ಕರೀಲಿಲ್ಲ!"

"ಹೂಂ, ಬಂದಿದ್ದ," ಎಂದ ಭೀಮೇಶ್. ಯಾಕೆ ಸುಳ್ಳು ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ. ಗುರುವಾರ ಸಂಜೆ ಪರದೆಯ ಮೇಲೆ ಒಂಬತ್ತು ಇತ್ತು. ಗುರುವಾರವೂ ಅರ್ಚನಾ ಯಾರೂ ಬಂದಿಲ್ಲವೆಂದೇ ಹೇಳಿದ್ದಳು. ಅವನು ತುತ್ತು ಕಲಸುತ್ತ ಕೂತ. ಗೋವರ್ಧನನ ನೈಲಾನ್ ದಾರ, ಎರಡು ಲೋಟ, ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು. ಬೇಡವೆಂದರೂ ಇವು ಒಂದರ ಪಕ್ಕ ಒಂದು ಬಂದು ಕೂತವು. ಆ ಸಾಲಿಗೆ ಅವನು ಹೆಸರಿಡಲಿಲ್ಲ. ಹೆಸರಿಟ್ಟರೆ ಆಮೇಲೆ ಅದನ್ನು ಮನೆಯಿಂದ ಹೊರಗೆ ಹಾಕಲಾಗುವುದಿಲ್ಲ ಎಂಬ ಭಯ.

ಕಾಸಿನ ಬಾಗಿಲಿನ ಬೀಗಕ್ಕೆ ಎರಡು ಕೀಲಿಕೈ ಬಂದಿದ್ದವು. ಒಂದು ಅವನ ಜೇಬಿನಲ್ಲಿತ್ತು. ಇನ್ನೊಂದು ಎಲ್ಲಿ ಎಂಬುದು ಆ ಶುಕ್ರವಾರ ಬೆಳಿಗ್ಗೆ ತಿಳಿಯಿತು. ಅರ್ಚನಾ ನಲ್ಲಿಯ ನೀರಿಗೆ ಹೋಗಿದ್ದಳು. ಬೆಂಕಿಪೊಟ್ಟಣ ಹುಡುಕುತ್ತ ದೇವರ ಗೂಡಿಗೆ ಕೈಹಾಕಿದರೆ, ಆಂಜನೇಯನ ಪಟದ ಹಿಂದೆ ಕುಂಕುಮ ಹಚ್ಚಿದ ಕೀಲಿಕೈ ಸಿಕ್ಕಿತು. ಹೊಸ ಸಾಮಾನಿನ ಕೀಲಿಕೈಯನ್ನು ದೇವರ ಮುಂದಿಡುವುದು ಅವಳ ರೂಢಿ, ಸರಿ. ಅದರ ಕೆಳಗೆ ಅರಿಸಿನದಲ್ಲಿ ಅದ್ದಿದ ಬಟ್ಟೆಯ ಒಂದು ಗಂಟು ಇತ್ತು. ಎತ್ತಿದರೆ ಝಣ್ ಎಂದಿತು.

ಅವನು ಬಾಗಿಲ ಕಡೆ ನೋಡಿ ಗಂಟು ಬಿಚ್ಚಿದ. ಹಳದಿ ಐದು ಒಂದೂ ಇರಲಿಲ್ಲ, ಎಲ್ಲ ಒಂದೊಂದು ರೂಪಾಯಿ. ಪೆಟ್ಟಿಗೆಯಿಂದ ತೆಗೆದದ್ದಲ್ಲ ಎಂದು ಒಂದು ಗಳಿಗೆ ಹಗುರಾದವನಿಗೆ ಮರುಗಳಿಗೆಯಲ್ಲೇ ಅದು ಏನೆಂದು ಹೊಳೆಯಿತು. ಇದು ತಪ್ಪುಗಾಣಿಕೆ. ಅವನ ಅವ್ವನೂ ಹೀಗೆಯೇ ತೆಗೆದಿಡುತ್ತಿದ್ದಳು. ದೇವರಿಗೆ ಹೇಳಿಕೊಳ್ಳಬೇಕಾದ ತಪ್ಪೊಂದು ನಡೆದಾಗ, ನಡೆದಷ್ಟು ಸಲ, ಒಂದೊಂದು ಕಾಸು. ಗಂಟಿನಲ್ಲಿ ಒಂದು ಹಿಡಿ ಇತ್ತು. ಇಷ್ಟು ಸಲ ಅವಳು ಮಾಡಿದ ಆ ತಪ್ಪು ಯಾವುದು?

ಗಂಟನ್ನು ಇದ್ದ ಹಾಗೇ ಕಟ್ಟಿಟ್ಟು ಕೆಲಸಕ್ಕೆ ಹೋದ. ಅವತ್ತು ಅವನು ರಿಪೇರಿ ಮಾಡಿದ ಎರಡು ಯಂತ್ರಗಳು ಅರ್ಧ ತಾಸಿಗೇ ವಾಪಸ್ಸು ಬಂದವು. ಘಟಕದ ಹಿಂದಿನ ಬೇವಿನ ಮರದ ಕೆಳಗೆ ನಿಂತು ಗೋವರ್ಧನನಿಗೆ ಫೋನು ಮಾಡಿದ.

"ಹೋದ ವಾರ ಗುರುವಾರ ಊರಿಗೆ ಬಂದಿದ್ದಿಯಂತ?"

"ಊಂ ಕಣಣ್ಣ. ಮಾಲು ತಕ್ಕೊಂಡೆ, ಬಸ್ಸು ನಿಂತಿತ್ತು, ಅತ್ಬುಟ್ಟೆ. ಮನೆಗ್ ಬಂದ್ರೆ ಅಕ್ಕ ಉಣ್ಣಕಿಕ್ದೆ ಬುಡಲ್ಲ, ಬಸ್ಸು ತಪ್ತೈತೆ. ಯಾಕಣ್ಣ, ಯಾರಾದ್ರೂ ಏನಾರ ಅಂದ್ರಾ?"

"ನಿನ್ನ ಮೂತಿ ಸರಿ ಇಲ್ಲ," ಎಂದ ಭೀಮೇಶ್.

ಆ ಕಡೆ ಗೋವರ್ಧನ್ ಗೊಳ್ಳೆಂದು ನಕ್ಕ. "ನಮ್ಮವ್ವನೂ ಅಂಗೇ ಅಂತಿದ್ಲು!"

ಭೀಮೇಶ್ ನಗಲಿಲ್ಲ. ನಾಣ್ಯವಿಲ್ಲದೆ ಅಂಕಿ ಏರುವುದನ್ನು, ತಾನಿದ್ದಾಗ ಏರದಿರುವುದನ್ನು ಹೇಳಿದ. ಒಂದೊಂದು ಮಾತನ್ನೂ ಗೋವರ್ಧನನ ಉಸಿರು ಬದಲಾಗುತ್ತದೇನೋ ಎಂದು ಕಿವಿಗೊಟ್ಟು ಆಡಿದ.

"ಓ, ಅದಾ," ಗೋವರ್ಧನನ ದನಿ ಸಲೀಸಾಗಿಯೇ ಇತ್ತು. "ಅದು ಸುಳ್ಳು ಕಾಸು ಕಣಣ್ಣ. ನಮ್ ಅಂಗ್ಡೀಲೂ ಅಂಗೇ ಆಗೋದು. ಪಕ್ದಲ್ಲಿ ಹಿಟ್ಟಿನ ಗಿರಣಿ ಇತ್ತು, ಅವ್ರು ಮೋಟ್ರು ಹಾಕ್ದೇಟ್ಗೆ ನಮ್ ಮಿಷನ್ನಾಗೆ ಟಿಣ್ ಅನ್ನೋದು. ಅರ್ತಿಂಗ್ ಒಣಗೋಗಿದ್ರೆ ಮೋಟ್ರು ಜಾಡಿಸ್ದಾಗ ಆ ವಯರ್‌ಗೆ ಹೊಡೀತೈತೆ. ನಿಮ್ಮನೆ ಲೈನ್ನಾಗೆ ದೊಡ್ ಮೋಟ್ರು ಏನಾರ ಐತಾ?"

"ಇಲ್ಲ."

"ಅಕ್ಕನ ಪವರ್ ಮಿಷನ್ ಐತಲ್ಲಣ್ಣ?"

"ಅದನ್ನ ಯಾರೂ ಓಡ್ಸಂಗಿಲ್ಲ."

"ಅಂಗಾರೆ ಬುಡಣ್ಣ," ಎಂದ ಗೋವರ್ಧನ್, ಮೆಲ್ಲಗೆ. "ನಾನೇ ಒಂದ್ಸಲ ಬಂದು ನೋಡ್ತೀನಿ."

ಮರುದಿನ ಭೀಮೇಶ್ ಪರದೆ ಆರಿಸದೆ ಮನೆ ಬಿಟ್ಟ. ಮಧ್ಯಾಹ್ನ ತಲೆನೋವೆಂದು ಹೇಳಿ, ಘಟಕದಲ್ಲೇ ಬೈಕು ಬಿಟ್ಟು, ನಡೆದು ಬಂದ. ತನ್ನ ಮನೆಗೆ ತಾನೇ ಕಳ್ಳನ ಹಾಗೆ ಬರುತ್ತಿದ್ದೇನೆ ಎಂಬ ನಾಚಿಕೆ ದಾರಿಯುದ್ದಕ್ಕೂ ಜೊತೆಗಿತ್ತು. ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು. ಕಿಟಕಿಯ ಸಂದಿಯಿಂದ ಪೆಟ್ಟಿಗೆ ಕಾಣುತ್ತಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ಕೋಣೆಯಲ್ಲೇ ಯಾರೂ ಇರಲಿಲ್ಲ. ಪರದೆಯ ಮೇಲೆ ಎರಡು ಇತ್ತು.

ಆಗ ಮನೆಯ ಹಿಂಬದಿಯಿಂದ ಗುಂಯ್ ಎಂಬ ಸದ್ದೆದ್ದಿತು. ದಿನಕ್ಕೆ ನೂರು ಸಲ ಕೇಳುವ ಸದ್ದು, ಅವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅದರ ಜೊತೆಗೇ ಎರಡು ಮೂರಾಯಿತು.

ಬೀದಿಯ ತುದಿಯಲ್ಲಿ ಯಾರದೋ ಬೈಕು ಬಂದು ನಿಂತಿತು. ಹಿಂದಿನ ಸದ್ದು ತಟ್ಟನೆ ಅಡಗಿತು. ಬೈಕು ಹೊರಟುಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಗುಂಯ್. ಮೂರು ನಾಲ್ಕಾಯಿತು. ಭೀಮೇಶ್ ಕಿಟಕಿಯ ಸರಳು ಹಿಡಿದುಕೊಂಡ. ಬೈಕಿನ ಸದ್ದಾದಾಗಲೆಲ್ಲ ತಾನು ಬಂದೆನೆಂದು ಬೆಚ್ಚಿ ಅವಳು ಮೋಟರು ಆರಿಸುತ್ತಿದ್ದಳು. ಆ ಗುರುವಾರದ ಒಂಬತ್ತೂ ಅವಳು ಹಾಗೆ ಬೆಚ್ಚಿಬಿದ್ದದ್ದರ ಲೆಕ್ಕ.

ಅವನು ಓಣಿಯಲ್ಲಿ ಸುತ್ತಿ ಹಿತ್ತಲ ಕಿಟಕಿಯ ಕೆಳಗೆ ಬಂದು ನಿಂತ. ಪಕ್ಕದ ಮನೆಯ ಸಣ್ಣಕ್ಕನ ಮಾತು ಕೇಳಿಸಿತು. ಘಟಕದಿಂದ ಲಾಟು, ಅಂದರೆ ಕತ್ತರಿಸಿದ ಬಟ್ಟೆಯ ಕಟ್ಟು, ತಂದು ಮನೆಯಲ್ಲೇ ಹೊಲಿದು ಬದುಕುವ ಮುದುಕಿ, ಈಚೆಗೆ ಕಣ್ಣಿಗೆ ಪೊರೆ ಬಂದಿತ್ತು.

"ಲೈನ್ ಸೀದಾ ಬಿತ್ತೇನವ್ವ? ನನ್ನ ಕಣ್ಣಿಗಂತೂ ಒಂದು ದಾರ ಎರಡು ಕಾಣ್ತೈತಿ."

"ಬಿತ್ತತ್ತಿ. ಇನ್ನ ನಾಕು ಜೇಬು, ಮುಗೀತು."

"ನನಗೋಸ್ಕರ ಆಣಿ ಮುರಕೊಂಡಿ. ಭೀಮೇಶಗ ಗೊತ್ತಾದ್ರ ನನ್ನ ಜುಟ್ಟು ಹಿಡೀತಾನ."

"ನಿನಗೋಸ್ಕರ ಅಂತ ನಾನ್ಯಾವಾಗ ಅಂದೆ?" ಅರ್ಚನಾ ನಕ್ಕಳು. ಈ ನಗುವನ್ನು ಭೀಮೇಶ್ ಬಹಳ ದಿನಗಳಿಂದ ಕೇಳಿರಲಿಲ್ಲ. "ನಿನ್ನ ಲಾಟು ಒಂದು ನೆಪ ಅತ್ತಿ. ನನ್ನ ಕೈ ಸುಮ್ಮನ ಕೂಡಂಗಿಲ್ಲ. ಅವರ ತಲಿ ಮ್ಯಾಲ ಕೈಯಿಟ್ಟಿದ್ದು ಅದೊಂದೇ ಭಯ. ಕುಂತಾಗೆಲ್ಲ ಒಂದ್ರೂಪಾಯಿ ತೆಗದಿಡ್ತೀನಿ. ಅವರಿಗೇನೂ ಆಗದಂಗ ನೇಮಕಲ್ಲ ಆಂಜನೇಯಪ್ಪ ನೋಡ್ಕೋತಾನ."

"ಚಲೋ ಆತು ಬಿಡು. ನಿನ್ನ ಗಂಡನ ಪೆಟ್ಟಿಗಿ ಒಂದು ಕಾಸು ತಿಂತೈತಿ, ನಿನ್ನ ದೇವರು ಒಂದು ಕಾಸು ತಿಂತಾನ."

"ಸುಮ್ಕಿರತ್ತಿ, ಯಾರಾದ್ರೂ ಕೇಳ್ಯಾರು!"

ಭೀಮೇಶ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಸಂಜೆ ಎಂದಿನ ಹೊತ್ತಿಗೇ, ಬೈಕಿನ ಹಾರನ್ನನ್ನು ಬೀದಿಯ ತಿರುವಿನಲ್ಲೇ ಒಂದು ಸಲ ಬಾರಿಸಿ ಮನೆಗೆ ಬಂದ. ಪರದೆಯ ಮೇಲೆ ಏಳು ಇತ್ತು. ಅವನು ಮುಖವನ್ನೂ ತೊಳೆಯದೆ ಪೆಟ್ಟಿಗೆಯ ಜಾಯ್‌ಸ್ಟಿಕ್ ಕೋಲು ಹಿಡಿದು ಆಡಲು ನಿಂತ. ಒಂದರ ಹಿಂದೆ ಒಂದು ಸೋಲುತ್ತ ಹೋದ. ಸೊನ್ನೆಯಾಗುವವರೆಗೆ ಬಿಡಲಿಲ್ಲ.

"ಇವತ್ತು ಯಾಕ ಇಷ್ಟು ಲಗೂನ ಸೋಲಾಕತ್ತೀರಿ?" ಅರ್ಚನಾ ಟೀ ತಂದು ಹಿಡಿದಳು. ಅವಳ ಮುಂಗೈಯ ಕೂದಲಿನಲ್ಲಿ ನೀಲಿ ಧೂಳಿತ್ತು. ಅದು ಎಷ್ಟು ದಿನದಿಂದ ಅಲ್ಲಿತ್ತೋ. ತನ್ನ ಅಂಗಿಯಿಂದಲೇ ಮನೆಯೆಲ್ಲ ನೀಲಿಯಾಗುತ್ತದೆಂದು ಅವನು ಯಾವತ್ತೂ ಅದನ್ನು ನೋಡಿರಲಿಲ್ಲ.

"ಕೈ ತಪ್ಪಾಕತ್ತೈತಿ," ಎಂದ.

ಭಾನುವಾರ ಗೋವರ್ಧನ್ ಬರುವ ಮೊದಲೇ ಪೆಟ್ಟಿಗೆಯ ಹಿಂಬಾಗಿಲು ಬಿಚ್ಚಿದ. ನಾಣ್ಯದ ವಯರು ಮೇನ್ ವಯರಿಗೆ ತಾಗಿಕೊಂಡು ಓಡಿತ್ತು. ಅದನ್ನು ಬೇರೆ ಮೂಲೆಯಿಂದ ಎಳೆದ. ಮೂತಿಯ ಕಪ್ಪು ವಯರನ್ನು ಕಂಪ್ಯೂಟರಿನ ಕಪ್ಪು ವಯರಿಗೆ ಕೂಡಿಸಿದ. ಹಿತ್ತಲಿನ ಅರ್ತಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಅಗೆದು ಇದ್ದಿಲು, ಉಪ್ಪು ತುಂಬಿ ಕೊಡಗಟ್ಟಲೆ ನೀರು ಸುರಿದ.

ಅರ್ಚನಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. "ಏನಾಗಿತ್ರಿ ಅದಕ್ಕ?"

"ಸುಳ್ಳು ಕಾಸು ತೋರಿಸ್ತಿತ್ತು. ಎಲ್ಲಿಂದಲೋ ಕರೆಂಟು ಹೊಡೀತಿತ್ತು."

"ಎಲ್ಲಿಂದ?"

ಅವನು ಕೊಡ ಕೆಳಗಿಟ್ಟ. ಅವಳ ಬಲಗೈ ತೋರುಬೆರಳನ್ನು ಸೆರಗಿನೊಳಗೆ ಮಡಚಿಕೊಂಡಿತ್ತು. "ಹಳೇ ಮನಿ," ಎಂದ. "ಎಲ್ಲಿಂದಾದ್ರೂ ಹೊಡೀತೈತಿ."

ಅವಳು ನೀರು ಹೀರುತ್ತಿದ್ದ ಗುಂಡಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಗೋವರ್ಧನ್ ಬಂದು ಎಲ್ಲವನ್ನೂ ನೋಡಿ, "ಸರ್ಯಾಗ್ ಮಾಡಿದೀಯಣ್ಣ. ಈಗ ಆ ಮೋಟ್ರು ಒಂದ್ಕಿತ ಓಡ್ಸಿ ನೋಡುದ್ರೆ ಗೊತ್ತಾಗ್ತೈತೆ," ಎಂದ. ಮಾತು ಬಾಯಿಂದ ಬಿದ್ದ ಮೇಲೆ ಭೀಮೇಶನ ಮುಖ ನೋಡಿ, "ಬ್ಯಾಡ ಬುಡು," ಎಂದು ಮುದ್ದೆ ಮುರಿಯಲು ಕೂತ. ಭೀಮೇಶ್ ಅವನಿಗೆ ಇನ್ನೊಂದು ಸೌಟು ಸಾರು ತಾನೇ ಬಡಿಸಿದ. ಅನುಮಾನಪಟ್ಟದ್ದಕ್ಕೆ ಬೇರೆ ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

ಸೋಮವಾರ ಸೊನ್ನೆ. ಮಂಗಳವಾರವೂ ಸೊನ್ನೆ. ಯಂತ್ರ ಸರಿಹೋಯಿತೋ, ಅವಳು ಹೊಲಿಯುವುದನ್ನೇ ನಿಲ್ಲಿಸಿಬಿಟ್ಟಳೋ? ಸೊನ್ನೆಯನ್ನು ನೋಡಿದರೆ ಎರಡೂ ಒಂದೇ. ಇಷ್ಟು ದಿನ ಅಂಕಿಯನ್ನು ಕಂಡು ಕುದಿದವನು ಈಗ ಸೊನ್ನೆಯ ಮುಂದೆ ನಿಂತು ಕಳವಳಪಟ್ಟ. ಆ ಭಾನುವಾರ ಬಾಗಿಲಿನ ಬಳಿ ತಾನು ಅವಳ ಬೆರಳನ್ನು ನೋಡಿದ್ದನ್ನು ಅವಳು ನೋಡಿದ್ದಳೇ?

ಶುಕ್ರವಾರ ಅವಳು ನೀರಿಗೆ ಹೋದಾಗ ದೇವರ ಗೂಡಿಗೆ ಕೈಹಾಕಿದ. ಗಂಟನ್ನು ಬಿಚ್ಚಲಿಲ್ಲ, ಅಂಗೈಯಲ್ಲಿ ತೂಗಿದ. ಹೋದ ಶುಕ್ರವಾರಕ್ಕಿಂತ ಅದು ಒಂದೆರಡು ಕಾಸಿಗೂ ಹೆಚ್ಚು ಭಾರವಾಗಿತ್ತು; ಅವಳು ಹೊಲಿಯುವುದನ್ನು ಬಿಟ್ಟಿರಲಿಲ್ಲ. ಅವನು ಪಟದ ಹಿಂದೆ ಅದನ್ನಿಟ್ಟು ಕೆಲಸಕ್ಕೆ ಹೊರಟ.

ಮುಂದಿನ ಶನಿವಾರ ಅವಳೇ ಕೇಳಿದಳು. "ನೇಮಕಲ್ಲಿಗೆ ಹೋಗಿ ಬರೋಣೇನ್ರಿ? ಬಾಳ ದಿನ ಆತು."

ಬೈಕಿನಲ್ಲಿ ಹೋದರು. ಆಂಜನೇಯನಿಗೆ ಕೈಮುಗಿದ ಮೇಲೆ ಅರ್ಚನಾ ಬ್ಯಾಗಿನಿಂದ ಹಳದಿ ಗಂಟು ತೆಗೆದು, ಅವನಿಗೆ ಅರ್ಧ ಬೆನ್ನು ಮಾಡಿ, ಹುಂಡಿಯ ಮುಂದೆ ಬಿಚ್ಚತೊಡಗಿದಳು. ಭೀಮೇಶ್ ಜೇಬು ತಡಕಿದ. ಚಿಲ್ಲರೆ ಇರಲಿಲ್ಲ, ಇದ್ದದ್ದೆಲ್ಲ ಮನೆಯ ಪೆಟ್ಟಿಗೆಯಲ್ಲಿತ್ತು.

"ನನಗೊಂದು ಕೊಡು," ಎಂದು ಕೈಚಾಚಿದ.

ಅವಳು ತಿರುಗಿ ಅವನ ಮುಖ ನೋಡಿದಳು. ಅರಿಸಿನ ಮೆತ್ತಿದ ಒಂದು ರೂಪಾಯಿಯನ್ನು ಅವನ ಅಂಗೈಯಲ್ಲಿಟ್ಟಳು. ಅಂಗೈ ಬೆವರಿತ್ತು. ಅವನು ಅದನ್ನು ಹುಂಡಿಯ ಸೀಳಿಗೆ ಬಿಟ್ಟ. ಉಳಿದವನ್ನು ಅವಳು ಒಂದೊಂದಾಗಿ ಬಿಟ್ಟಳು.

ವಾಪಸ್ಸು ಬರುವಾಗ ಅವಳು ಹಿಂದೆ ಕೂತು ಅವನ ಭುಜದ ಮೇಲೆ ಕೈಯಿಟ್ಟಿದ್ದಳು. ಆಮೇಲೂ ಮಧ್ಯಾಹ್ನಗಳಲ್ಲಿ ಆ ಮೋಟರು ತಿರುಗಿತು, ದೇವರ ಪಟದ ಹಿಂದೆ ಹೊಸ ಗಂಟೊಂದು ಬೆಳೆಯಿತು. ಆಣೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಹೊಲಿ ಎಂದು ಮಾತ್ರ ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.